ಹಸಿದ ಗಿಡಗಳ ಕಿಟಕಿ

ಮಾವನ ಚೀಲ ಬೆಳಗಿನಿಂದಲೇ ಬಾಗಿಲ ಬಳಿ ಕೂತಿತ್ತು, ದೂರದ ನೆಂಟರೊಬ್ಬರು ಬಂದು, ಒಳಗೆ ಕರೆಯಲಿ ಎಂದು ಕಾಯುತ್ತಿರುವ ಹಾಗೆ. ಅಡುಗೆಮನೆಗೂ ಕೋಣೆಗೂ ಓಡಾಡುವಾಗಲೆಲ್ಲ ಅವಳು ಅದಕ್ಕೆ ಕಾಲು ತಾಗದಂತೆ ಮೈ ಓರೆ ಮಾಡಿಕೊಂಡು ದಾಟುತ್ತಿದ್ದಳು. ಸಂಜೆ ನಾದಿನಿ ಕಾರು ತರುತ್ತಾಳೆ, ಮಾವ ಮಗಳ ಮನೆಗೆ ಹೊರಡುತ್ತಾರೆ. ಗಂಡ ಇದನ್ನು ಸ್ವಲ್ಪ ಹವಾ ಬದಲಾವಣೆ ಎಂದ. ನಾದಿನಿ ಫೋನಿನಲ್ಲಿ, ‘ನಮ್ಮನೇಲೂ ಒಂದಷ್ಟು ದಿನ ಇರಲಿ ಬಿಡಿ ಅತ್ತಿಗೆ, ನಂಗೂ ಅಪ್ಪಾನೇ ಅಲ್ವಾ’ ಎಂದಳು. ಮಾವ ತಾವೇ ಚೀಲ ಕಟ್ಟಿದರು. ತಮ್ಮ ಮಾತ್ರೆಗಳನ್ನೆಲ್ಲ ತುಂಬಿಕೊಂಡರು, ಅದರ ಮೇಲೆ ಚಳಿಗಾಲದ ಉಣ್ಣೆಯ ಟೋಪಿಯನ್ನೂ ಇಟ್ಟುಕೊಂಡರು. ಒಂದಷ್ಟು ದಿನಕ್ಕೆಂದು ಹೋಗುವವರು ಈ ಸುಡುಬಿಸಿಲಿನಲ್ಲಿ ಉಣ್ಣೆಯ ಟೋಪಿ ಒಯ್ಯುವುದಿಲ್ಲ. ಅದನ್ನು ಕಂಡಾಗಿನಿಂದ ಅವಳಿಗೆ ಒಂದೇ ಯೋಚನೆ. ತಾನು ಹೋದ ಭಾನುವಾರ ಆಡಿದ ಒಂದೇ ಒಂದು ಮಾತು ಆ ಚೀಲದಲ್ಲಿ, ಇಸ್ತ್ರಿ ಮಾಡಿದ ಅಂಗಿಗಳ ನಡುವೆ ಮಡಿಸಿಕೊಂಡು ಮಲಗಿದೆ, ಮಾವ ಅದನ್ನೂ ಹೊತ್ತುಕೊಂಡು ಹೋಗುತ್ತಾರೆ, ಮಗಳ ಮನೆಯಲ್ಲಿ ದಿನಾ ಬಿಚ್ಚಿ ನೋಡುತ್ತಾರೆ ಎನಿಸುತ್ತಿತ್ತು. ಸಂಜೆಯೊಳಗೆ ಅದನ್ನು ಹಿಂದಕ್ಕೆ ಇಸಿದುಕೊಳ್ಳಬೇಕು. ಹೇಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಮಾತು ಹುಟ್ಟಿದ್ದು ಅಡುಗೆಮನೆಯ ಕಿಟಕಿಯಲ್ಲಿ. ಮನೆಯಲ್ಲಿ ಬಿಸಿಲು ಚೆನ್ನಾಗಿ ಬೀಳುವ ಜಾಗ ಅದೊಂದೇ. ಅಲ್ಲಿ ಅವಳು ಹುಳ ತಿನ್ನುವ ಗಿಡಗಳನ್ನು ಸಾಕಿದ್ದಳು. ಒಂದು ನೊಣ ಹಿಡಿಯುವ ಗಿಡ, ರೆಪ್ಪೆಗೂದಲಿನಂಥ ಮುಳ್ಳುಗಳಿರುವ ಪುಟ್ಟ ಬಾಯಿಗಳದ್ದು. ಒಂದು ಇಬ್ಬನಿ ಗಿಡ, ಎಲೆಯ ತುಂಬ ಕೆಂಪು ಕೂದಲು, ಪ್ರತಿ ಕೂದಲ ತುದಿಗೂ ಒಂದು ಅಂಟು ಹನಿ. ಕಿಟಕಿಯ ಸರಳಿಗೆ ತೂಗುಹಾಕಿದ ಹೂಜಿ ಗಿಡ, ಅದರ ಹೂಜಿಗಳಿಗೆ ಮುಚ್ಚಳ ಕೂಡ ಇತ್ತು, ಯಾರೋ ಬಹಳ ಅಚ್ಚುಕಟ್ಟಿನ ಹೆಂಗಸು ಮಾಡಿಟ್ಟ ಹಾಗೆ. ಉಳಿದ ಗಿಡಗಳಿಗೆ ಏನೆಲ್ಲ ಕೊಡುತ್ತೇವೋ ಇವಕ್ಕೆ ಅದೊಂದನ್ನೂ ಕೊಡಬಾರದು. ಒಳ್ಳೆಯ ಮಣ್ಣು ಹಾಕಿದರೆ ಸಾಯುತ್ತವೆ, ಗೊಬ್ಬರ ಹಾಕಿದರೆ ಸಾಯುತ್ತವೆ, ನಲ್ಲಿ ನೀರು ಹಾಕಿದರೂ ಅದರಲ್ಲಿರುವ ಸುಣ್ಣಕ್ಕೇ ಬೇರು ಸುಟ್ಟುಕೊಳ್ಳುತ್ತವೆ. ಬರೀ ಪಾಚಿ, ಮರಳು, ತಟ್ಟೆಯಲ್ಲಿ ಸದಾ ನಿಂತ ಶುದ್ಧ ನೀರು, ಮೈತುಂಬ ಬಿಸಿಲು. ಮಿಕ್ಕಿದ್ದನ್ನು ತಾವೇ ಹಿಡಿದು ತಿನ್ನುತ್ತವೆ. ನರ್ಸರಿಯವನು ಇದನ್ನೆಲ್ಲ ಹೇಳಿ, ‘ಇದಕ್ಕೆ ಮುದ್ದು ಮಾಡ್ಬಾರ್ದು ನೋಡಿ’ ಎಂದಾಗ ಅವಳಿಗೆ ವಿಚಿತ್ರವಾದ ಸಮಾಧಾನವಾಗಿತ್ತು. ಏನೂ ಕೊಡದೆ ಸಾಕಬಹುದಾದ ಒಂದು ಜೀವ. ಕೊಟ್ಟದ್ದು ಸಾಕಾಯಿತೋ ಇಲ್ಲವೋ ಎಂದು ಯಾರ ಮುಖವನ್ನೂ ನೋಡಬೇಕಿಲ್ಲ.

ಚಿಕ್ಕಂದಿನಲ್ಲಿ ಅವಳಿಗೆ ಊಟ ಮಾಡಿಸುತ್ತಿದ್ದದ್ದು ಅಜ್ಜಿ. ಅಜ್ಜಿಯ ಕಥೆಯಲ್ಲಿ ಬಾಯಿರುವ ಒಂದು ಮರ ಇತ್ತು, ಅದರ ಹೊಟ್ಟೆಯೊಳಗೆ ರಾಜಕುಮಾರರು ಸಿಕ್ಕಿಹಾಕಿಕೊಂಡಿದ್ದರು. ಮಗು ಒಂದು ತುತ್ತು ನುಂಗಿದರೆ ಮರ ಒಬ್ಬ ರಾಜಕುಮಾರನನ್ನು ಬಿಟ್ಟುಬಿಡುತ್ತಿತ್ತು. ‘ಆ ಅನ್ನು, ಅಗೋ ನೋಡು, ಕುದುರೆ ಹತ್ತಿದ!’ ಹೊಟ್ಟೆ ತುಂಬಿ ಬಾಯಿ ಬಿಗಿಹಿಡಿದರೆ ಅಜ್ಜಿ ನಿಟ್ಟುಸಿರು ಬಿಟ್ಟು ತಟ್ಟೆ ಎತ್ತಿಕೊಳ್ಳುತ್ತಿದ್ದರು. ‘ಹೋಗಲಿ ಬಿಡು, ಪಾಪ, ಇನ್ನೊಬ್ಬ ಉಳಿದುಬಿಟ್ಟ.’ ಆ ಉಳಿದುಬಿಟ್ಟವನು ರಾತ್ರಿಯೆಲ್ಲ ಅವಳ ಎದೆಯ ಮೇಲೆ ಕೂತಿರುತ್ತಿದ್ದ. ಈಗ ಲೆಕ್ಕ ಹಾಕಿದರೆ ಒಂದು ಸೈನ್ಯಕ್ಕಾಗುವಷ್ಟು ರಾಜಕುಮಾರರನ್ನು ಅವಳು ಮರದ ಹೊಟ್ಟೆಯಲ್ಲೇ ಬಿಟ್ಟು ದೊಡ್ಡವಳಾಗಿದ್ದಳು.

ಮಾವ ಬಸ್ ಡ್ರೈವರ್ ಆಗಿದ್ದವರು. ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಆ ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಾಗ ಕೆಳಗೆ ಬೀದಿಯಲ್ಲಿ ಯಾರಾದರೂ ಅಡ್ಡ ಬಂದರೆ ಅವರ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಅವರು ಆ ಕುರ್ಚಿ ಬಿಟ್ಟು ಏಳುತ್ತಲೇ ಇರಲಿಲ್ಲ. ಅತ್ತೆಯದ್ದು ಸಕ್ಕರೆ ಕಾಯಿಲೆ. ಮಾವನಿಗೂ ಅದರ ಆರಂಭ, ಜೊತೆಗೆ ರಕ್ತದೊತ್ತಡ ಎಂದು ಗೊತ್ತಾದಾಗ ಅವಳೇ ಅವರ ಊಟಕ್ಕೆ ಕಡಿವಾಣ ಹಾಕಿದ್ದಳು. ಉಪ್ಪಿಲ್ಲದ ತರಕಾರಿ, ಸಕ್ಕರೆಯಿಲ್ಲದ ಚಹಾ, ಬೇಯಿಸಿದ ಮೊಟ್ಟೆ. ಮಾವ ಮರುಮಾತಿಲ್ಲದೆ ತಿನ್ನುತ್ತಿದ್ದರು, ತಿಂದು ಗಿಡಗಳನ್ನು ನೋಡುತ್ತಿದ್ದರು. ಒಂದು ದಿನ, ‘ಬರೀ ನೀರು ಕುಡ್ಕೊಂಡು ಹೇಗಿರುತ್ತಮ್ಮ ಇದು?’ ಎಂದು ಕೇಳಿದ್ದರು. ಅವಳು ನಕ್ಕು, ‘ಅದಕ್ಕೆ ಅಷ್ಟೇ ಸಾಕು ಮಾವ’ ಎಂದಿದ್ದಳು. ಮಾವ ತಮ್ಮ ತಟ್ಟೆ ನೋಡಿಕೊಂಡು, ‘ಹೂಂ, ಹಾಗಂತ ಅದು ಹೇಳ್ತಾ?’ ಎಂದಿದ್ದರು.

ಆಮೇಲೆ ಗಿಡಗಳು ಸೊರಗತೊಡಗಿದವು. ಇಬ್ಬನಿ ಗಿಡದ ಹನಿಗಳು ಆರಿ, ಬರೀ ಕೂದಲು ಉಳಿಯಿತು. ಹೂಜಿಗಳು ಮುಚ್ಚಳದಿಂದ ಕೆಳಗೆ ಕಂದಾಗಿ ಕಾಗದದಂತೆ ಸುಕ್ಕಿದವು. ಬಾಯಿಗಳ ತುಟಿ ಕಪ್ಪಾಯಿತು. ಅವಳು ಜಾಗ ಬದಲಿಸಿದಳು, ಪಾಚಿ ಬದಲಿಸಿದಳು, ನೀರನ್ನು ಇನ್ನಷ್ಟು ಹಾಕಿದಳು. ಹೋದ ಭಾನುವಾರ ನಾದಿನಿ ಬಂದಿದ್ದಳು, ಎಲ್ಲರೂ ಅಡುಗೆಮನೆಯಲ್ಲೇ ಚಹಾ ಕುಡಿಯುತ್ತ ನಿಂತಿದ್ದರು. ಕಪ್ಪಾದ ಒಂದು ಬಾಯನ್ನು ಅವಳು ಉಗುರಿನಿಂದ ಬಿಡಿಸಿದಾಗ ಒಳಗೆ ಹಳದಿ ಮುದ್ದೆ ಕಂಡಿತು. ಕೊಳೆತ ವಾಸನೆ. ಬೇಯಿಸಿದ ಮೊಟ್ಟೆಯ ಹಳದಿ. ಅವಳು ತಿರುಗಿ ನೋಡಿದಳು. ಮಾವ, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ, ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ‘ಒಂದು ಚೂರೇ ಕಣಮ್ಮ. ಪಾಪ, ಬಾಯಿ ತೆಕ್ಕೊಂಡು ಕೂತಿರುತ್ತಲ್ಲ ಅಂತ...’ ಆಗ ಅವಳ ಬಾಯಿಂದ ಆ ಮಾತು ಬಂತು. ಕೂಗಲಿಲ್ಲ, ಸಿಡುಕಲೂ ಇಲ್ಲ, ತೀರ ತಣ್ಣಗೆ ಕೇಳಿದಳು:

‘ನೀವು ಪ್ರೀತಿಯಿಂದ ತಿನ್ನಿಸಿದ್ದು ಯಾವುದು ಬದುಕಿದೆ ಮಾವ?’

ಮಾವ ಅತ್ತೆಗೆ ಕದ್ದು ಕದ್ದು ಜಾಮ್ ತಿನ್ನಿಸುತ್ತಿದ್ದರು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಸಂಗತಿ. ಅತ್ತೆ ಹೋದ ಮೇಲೆ ಅವರ ದಿಂಬಿನಡಿ ಚಮಚ ಸಿಕ್ಕಿತ್ತು, ನಾದಿನಿಯೇ ಅದನ್ನು ತೊಳೆದು ಉಳಿದ ಚಮಚಗಳ ಜೊತೆ ಬೆರೆಸಿಬಿಟ್ಟಿದ್ದಳು. ಈಗ ನಾದಿನಿ ಚಹಾ ಬಾಯಲ್ಲಿಟ್ಟುಕೊಂಡು ನಿಂತಳು. ಗಂಡ ಕಿಟಕಿಯಾಚೆ ಏನನ್ನೋ ನೋಡತೊಡಗಿದ. ಮಾವ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, ‘ಸರಿ ಕಣಮ್ಮ’ ಎಂದರು. ಅಷ್ಟೇ. ಅಂದಿನಿಂದ ಅವರು ಆ ಕುರ್ಚಿಯಲ್ಲಿ ಕೂರಲಿಲ್ಲ.

ಇವತ್ತು ಕೆಲಸಕ್ಕೆ ಹೊರಡುವಾಗ ಅವಳು ಮಾವನ ಕೋಣೆಯ ಬಾಗಿಲಲ್ಲಿ ನಿಂತಳು. ಅವರು ಮಂಚದ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದರು. ‘ಸಂಜೆ ನಾನು ಬರೋವರೆಗೂ ಇರ್ತೀರಲ್ಲ ಮಾವ?’ ಎಂದಳು. ‘ಅವಳು ಬರೋದು ಯಾವಾಗ್ಲೂ ತಡ. ಇರ್ತೀನಿ’ ಎಂದರು. ‘ಮಧ್ಯಾಹ್ನದ ಮಾತ್ರೆ...’ ‘ತೊಗೋತೀನಿ.’ ಉಗುರಿನ ಚೂರೊಂದು ಹಾರಿ ಅವಳ ಕಾಲ ಬಳಿ ಬಿತ್ತು. ಇಬ್ಬರೂ ಅದನ್ನು ನೋಡಿದರು. ‘ಗುಡಿಸ್ತೀನಿ ಬಿಡು’ ಎಂದರು ಮಾವ, ಅದಕ್ಕೂ ಕ್ಷಮೆ ಕೇಳುವವರ ಹಾಗೆ. ಬೇಡ ಮಾವ, ಹೋಗಬೇಡಿ ಎನ್ನಬೇಕಿತ್ತು. ‘ಫ್ಯಾನ್ ಆರಿಸಿರಿ’ ಎಂದು ಹೇಳಿ ಮೆಟ್ಟಿಲಿಳಿದಳು. ಇಳಿಯುತ್ತಿದ್ದಂತೆ ಮನಸ್ಸಿನ ಒಂದು ಮೂಲೆ, ನಾಳೆಯಿಂದ ಉಪ್ಪಿಲ್ಲದ ಅಡುಗೆ ಬೇರೆ ಮಾಡುವುದು ತಪ್ಪಿತು ಎಂದು ಹಗುರಾಗಿದ್ದನ್ನು ಕಂಡಳು. ಕಂಡು, ನಾಚಿಕೊಂಡು, ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು.

ಅವಳಿಗೆ ಕೆಲಸ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ಸೂಜಿ ಚುಚ್ಚುವ ಮುಂಚೆ ‘ಇರುವೆ ಕಚ್ಚಿದ ಹಾಗೆ, ಅಷ್ಟೆ’ ಎಂದು ಎಲ್ಲರಿಗೂ ಹೇಳುತ್ತಿದ್ದರಿಂದ ಅಲ್ಲಿ ಅವಳ ಹೆಸರೇ ಇರುವೆ ಎಂದಾಗಿತ್ತು. ಮುಂದಿನ ಮೇಜಿನಲ್ಲಿ ರಸೀದಿ ಬರೆಯುವವಳು, ಲ್ಯಾಬಿನ ಬಾಯಿಬಡುಕಿ, ಒಳಗೆ ಬರುವಷ್ಟರಲ್ಲೇ ಕೂಗಿದಳು: ‘ಏನೇ ಇರುವೆ, ಮುಖ ಯಾಕೆ ಹಿಂಡಿದ ನಿಂಬೆಹಣ್ಣಿನ ಹಾಗಿದೆ? ನಿನ್ನ ರಾಕ್ಷಸರು ನಿನ್ನನ್ನೇ ತಿಂದ್ರಾ?’

‘ಅವೇ ಸಾಯ್ತಿವೆ ಕಣೆ.’

‘ಸಾಯ್ಲಿ ಬಿಡು. ಮನೇಲಿ ಗುಲಾಬಿ ಬೆಳೆಸೋರು ಇದಾರೆ, ಮಲ್ಲಿಗೆ ಬೆಳೆಸೋರು ಇದಾರೆ. ನೀನೊಬ್ಳು ಬಾಯಿ ಬೆಳೆಸ್ತೀಯ.’

ಮೊದಲು ಬಂದವರು ಒಬ್ಬ ಅಜ್ಜ, ತೋಳಿನ ನರ ಹಗ್ಗದ ಹಾಗೆ ಎದ್ದಿತ್ತು. ‘ಇರುವೆ ಕಚ್ಚಿದ ಹಾಗೆ’ ಎಂದಳು. ಸೂಜಿ ಹೊರಬಂದ ಮೇಲೆ ಅಜ್ಜ ಹತ್ತಿಯನ್ನು ಒತ್ತಿಕೊಂಡು, ‘ನಿಮ್ಮೂರ ಇರುವೆ ಚೆನ್ನಾಗಿ ಉಂಡಿರ್ತವೆ ಕಣಮ್ಮ’ ಎಂದರು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು, ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ವಯಸ್ಸಾದವರ ತೋಳು ಹಿಡಿದಾಗ ಒಳಮೊಣಕೈಯ ಚರ್ಮ ಬೆರಳಿಗೆ ತೀರ ಮೆತ್ತಗೆ ತಾಗುತ್ತದೆ. ಅತ್ತೆಯ ತೋಳೂ ಹಾಗೇ ಇತ್ತು. ಪ್ರತಿ ವಾರ ಮನೆಯಲ್ಲಿ ಅವರ ರಕ್ತ ತೆಗೆಯುತ್ತಿದ್ದದ್ದು ಅವಳೇ. ಅವರು ಒಂದು ಸಲವೂ ‘ಸ್’ ಎನ್ನುತ್ತಿರಲಿಲ್ಲ, ಸೂಜಿ ಒಳಗಿರುವಾಗ ಅವಳ ತಲೆಗೂದಲನ್ನು ನೋಡುತ್ತಿದ್ದರು.

ಮಧ್ಯಾಹ್ನ ಕೆಲಸ ಕಡಿಮೆಯಾದಾಗ ಅವಳು ರೂಢಿಯಂತೆ ಒಳಕೋಣೆಗೆ ಹೋದಳು. ಗಿಡಗಳಿಗೆ ಬೇಕಾದ ಬಟ್ಟಿ ಇಳಿಸಿದ ನೀರನ್ನು ದೊಡ್ಡ ಡಾಕ್ಟರ ಒಪ್ಪಿಗೆ ಪಡೆದು ಇಲ್ಲಿಂದಲೇ ಒಯ್ಯುತ್ತಿದ್ದಳು. ಹೊಸ ಯಂತ್ರ ಬಂದ ಮೇಲೆ ಹಳೆಯ ಕ್ಯಾನುಗಳು ಬೇಕಾಗಿರಲಿಲ್ಲ. ನೀಲಿ ಮುಚ್ಚಳದ್ದು ಬಟ್ಟಿ ನೀರು, ಬಿಳಿ ಮುಚ್ಚಳದ್ದು ರಕ್ತಕಣ ತೊಳೆಯಲು ಉಪ್ಪು ಬೆರೆಸಿಟ್ಟ ಸಲೈನು. ಎರಡನ್ನೂ ಅವಳೇ ಒರೆಸಿ ಸಿಂಕಿನಡಿ ಇಟ್ಟಿದ್ದಳು, ಅಂದಿನಿಂದ ನೀಲಿ ಮುಚ್ಚಳದ್ದರಿಂದಲೇ ತುಂಬಿಕೊಳ್ಳುತ್ತಿದ್ದಳು. ಇನ್ನು ಗಿಡಕ್ಕೆ ನೀರೆರೆದು ಪ್ರಯೋಜನವಿಲ್ಲ ಎಂದು ಗೊತ್ತಿದ್ದೂ ಬಾಟಲಿ ಹಿಡಿದು ಬಗ್ಗಿದಳು. ಆಗ ಸಿಂಕಿನ ಪಕ್ಕದ ಕರಿಕಲ್ಲಿನ ಮೇಲೆ ಬಿಳಿಯ ಉಂಗುರಗಳು ಕಂಡವು. ಹಿಂದಿನ ಸಲ ಬಾಟಲಿ ತುಳುಕಿ ಹನಿ ಬಿದ್ದಲ್ಲೆಲ್ಲ ಒಂದೊಂದು ಉಂಗುರ, ಸೀಮೆಸುಣ್ಣದಲ್ಲಿ ಬರೆದ ಹಾಗೆ. ಶುದ್ಧ ನೀರು ಆರಿದರೆ ಕಲೆ ಉಳಿಯುವುದಿಲ್ಲ. ಇದು ಅವಳು ಓದಿದ ಮೊದಲ ಪಾಠಗಳಲ್ಲಿ ಒಂದು. ಇನ್ನೊಂದು ಪಾಠ, ಲ್ಯಾಬಿನಲ್ಲಿ ಏನನ್ನೂ ಬಾಯಿಗೆ ಹಾಕಬಾರದು ಎನ್ನುವುದು. ಅವಳು ಕ್ಯಾನಿನ ಮುಚ್ಚಳ ತೆಗೆದು, ಬೆರಳದ್ದಿ, ನಾಲಿಗೆಗೆ ತಾಗಿಸಿದಳು.

ಉಪ್ಪು.

ಒರೆಸುವಾಗ ಮುಚ್ಚಳ ಅದಲುಬದಲಾಗಿತ್ತು, ಮಾಡಿದ್ದು ಈ ಎರಡು ಕೈ. ಪಾಚಿಯ ಮೇಲೆ ಬಿಳಿ ಪುಡಿ ಕಂಡಾಗ ಮಾವ ಹಾಕಿದ ಏನೋ ಬೂಷ್ಟು ಹಿಡಿದಿದೆ ಎಂದುಕೊಂಡಿದ್ದಳು. ಸೊರಗಿದಷ್ಟೂ ಅವಳು ಇನ್ನಷ್ಟು ಉಪ್ಪು ನೀರು ಹೊಯ್ದಿದ್ದಳು, ಅದೂ ದೇವರ ಮುಂದೆ ನಿಂತಷ್ಟು ನಿಷ್ಠೆಯಿಂದ, ಒಂದು ಹನಿ ಎಲೆಯ ಮೇಲೆ ಬೀಳದಂತೆ. ಮಾವನ ಒಂದು ಚೂರು ಮೊಟ್ಟೆಯಿಂದ ಸತ್ತದ್ದು ಒಂದು ಬಾಯಿ. ಕಿಟಕಿಯನ್ನೇ ಕೊಂದದ್ದು ಇವಳು. ಮಾವನ ಊಟದಿಂದ ಉಪ್ಪು ತೆಗೆದವಳು! ನಗು ಬಂತು, ನಿಜವಾಗಿ ಬಂತು. ಸಿಂಕಿನ ಅಂಚು ಹಿಡಿದು ನಿಂತು ನಕ್ಕಳು, ರಸೀದಿಯವಳು ಬಾಗಿಲಲ್ಲಿ ತಲೆ ಹಾಕಿ, ‘ಒಬ್ಳೇ ನಗ್ತಿದೀಯ, ಡಾಕ್ಟರಿಗೆ ಹೇಳ್ಲಾ?’ ಎನ್ನುವವರೆಗೂ.

ಮನೆಗೆ ನಡೆಯುವ ದಾರಿಯಲ್ಲಿ ಬಿಸಿಲು ಗೋಡೆಗಳ ಮೇಲೆ ಓರೆಯಾಗಿತ್ತು. ಬೀಗ ರಿಪೇರಿಯವನ ಅಂಗಡಿ, ಹಳೆಯ ಟೈರುಗಳ ಅಂಗಡಿ, ಬಟ್ಟೆ ಒಣಹಾಕಿದ ಮಹಡಿಗಳು, ಎಲ್ಲವೂ ಅವುಗಳ ಜಾಗದಲ್ಲೇ ಇದ್ದವು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆ, ಜೊತೆಗೆ ನಡೆದುಬರುವ ಗೆಳತಿಯ ಹಾಗೆ, ಬಹಳ ಸಹಜವಾಗಿ ಅವಳ ಪಕ್ಕದಲ್ಲೇ ಬರುತ್ತಿತ್ತು. ಕ್ಯಾನನ್ನು ಚೆಲ್ಲಿಯಾಗಿದೆ, ಕಲ್ಲನ್ನು ಒರೆಸಿಯಾಗಿದೆ. ಮಾವ ಹೋಗುತ್ತಾರೆ, ಕಿಟಕಿಯಲ್ಲಿ ಬೇರೆ ಏನಾದರೂ ಇಡಬಹುದು. ಆದರೆ ತಾನು ಇನ್ನು ಅಲ್ಲಿ ನಿಂತು ಪಾತ್ರೆ ತೊಳೆಯುವಾಗಲೆಲ್ಲ ಆ ಖಾಲಿ ಕುರ್ಚಿ ಬೆನ್ನಿಗೆ ತಾಗುತ್ತದಲ್ಲ. ಬೀಗದಂಗಡಿ ದಾಟುವಾಗ ಅವಳು ಸರಸರನೆ ಹೆಜ್ಜೆ ಹಾಕಿದಳು. ತಿರುವಿನಲ್ಲಿ ನಾದಿನಿಯ ಕಾರು ಆಗಲೇ ನಿಂತಿತ್ತು. ಯಾವಾಗಲೂ ತಡಮಾಡುವವಳು ಇವತ್ತು ಬೇಗ ಬಂದಿದ್ದಳು.

ಮನೆಯೊಳಗೆ ನಾದಿನಿ ದಿಂಬಿಗೆ ಗವಸು ಹಾಕುತ್ತಿದ್ದಳು. ‘ಬಂದ್ರಾ ಅತ್ತಿಗೆ? ಅಪ್ಪಂಗೆ ಈ ದಿಂಬೇ ಬೇಕಂತೆ. ನಮ್ಮನೇಲಿ ದಿಂಬಿಲ್ಲದ ಹಾಗೆ.’ ಗಂಡ ಚೀಲ ಎತ್ತಿಕೊಂಡ. ‘ಅಬ್ಬಾ, ಇದರಲ್ಲಿ ಬಸ್ಸಿನ ಇಂಜಿನ್ ಇಟ್ಕೊಂಡಿದಾರೆ’ ಎಂದು ನಗಿಸಲು ನೋಡಿದ. ಯಾರೂ ನಗದಿದ್ದಾಗ ಅಣ್ಣ ತಂಗಿ ಇಬ್ಬರೂ ಕೆಳಗಿಳಿದರು. ‘ಐದು ನಿಮಿಷದಲ್ಲಿ ಬನ್ನಿ ಅಪ್ಪ, ಅಲ್ಲಿ ಗಾಡಿ ನಿಲ್ಲಿಸೋಕೆ ಬಿಡಲ್ಲ’ ಎಂದು ನಾದಿನಿ ಮೆಟ್ಟಿಲಿನಿಂದ ಕೂಗಿದಳು.

ಮಾವ ಮಂಚದ ಮೇಲೆ ಕೂತಿದ್ದರು. ಶೂ ಹಾಕಿಕೊಂಡಾಗಿತ್ತು, ಲೇಸು ಬಿಗಿಯಾಗಿ ಕಟ್ಟಿಯಾಗಿತ್ತು. ಅವಳು ಒಳಗೆ ಬಂದು ನಿಂತಳು.

‘ಮಾವ, ಗಿಡಗಳು ಸತ್ತಿದ್ದು ನನ್ನಿಂದ. ನಾನು ಹಾಕ್ತಿದ್ದದ್ದು ಉಪ್ಪು ನೀರು. ಮುಚ್ಚಳ ಅದಲುಬದಲಾಗಿತ್ತು. ನಾನೇ ಮಾಡಿದ್ದು. ಇವತ್ತು ಗೊತ್ತಾಯ್ತು.’

ಮಾವ ಅವಳನ್ನೇ ನೋಡಿದರು. ‘ಉಪ್ಪಾ?’

‘ಹೂಂ.’

‘ನಂಗೆ ಒಂದು ಚಿಟಿಕೆ ಕೊಡಲ್ಲ ಅಂತೀಯ, ಅದಕ್ಕೆ ತಟ್ಟೆ ತುಂಬ ಕೊಟ್ಯಾ?’ ಎಂದರು. ತುಟಿಯ ಒಂದು ತುದಿ ನಕ್ಕು, ಮತ್ತೆ ತಣ್ಣಗಾಯಿತು. ‘ಹೋಗಲಿ ಬಿಡು. ಗೊತ್ತಿಲ್ದೆ ಆಗಿದ್ದು. ನಾನು ಮೊಟ್ಟೆ ಹಾಕಿದ್ದೂ ಸುಳ್ಳಲ್ಲ.’

‘ಹೋಗಬೇಡಿ ಮಾವ.’

‘ನಾನು ಹೋಗ್ತಿರೋದು ಗಿಡಕ್ಕಲ್ಲ ಕಣಮ್ಮ.’ ಅವರು ತಮ್ಮ ಮಂಡಿಯ ಮೇಲಿನ ಎರಡು ಕೈಗಳನ್ನು ನೋಡಿಕೊಂಡರು. ‘ನೀನು ಒಂದು ಕೇಳಿದ್ಯಲ್ಲ. ಅದನ್ನ ನಾನೂ ಕೇಳ್ಕೋತಾನೇ ಇದ್ದೆ, ಅವಳು ಹೋದಾಗಿನಿಂದ. ಆದ್ರೆ ನೀನು ರಕ್ತ ನೋಡ್ದೋಳು. ನಿಂಗೆ ಗೊತ್ತಿರುತ್ತೆ. ಹೇಳು. ನಾನು ಜಾಮ್ ಕೊಡ್ದೇ ಇದ್ದಿದ್ರೆ ಅವಳು ಇರ್ತಿದ್ಲಾ?’

ಇಲ್ಲ ಮಾವ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುವುದು ಬಹಳ ಸುಲಭವಿತ್ತು, ನಾಲಿಗೆಯ ತುದಿಯಲ್ಲೇ ಮೆತ್ತಗೆ ಸಿದ್ಧವಾಗಿತ್ತು. ಆದರೆ ಅವರು ಕೇಳುತ್ತಿದ್ದ ರೀತಿ, ಸೂಜಿಗೆ ತೋಳು ಚಾಚಿ ಕೂತವರದ್ದು. ಇಲ್ಲಿ ಇರುವೆ ಕಚ್ಚಿದ ಹಾಗೆ ಎನ್ನಲಾಗಲಿಲ್ಲ.

‘ಇನ್ನಷ್ಟು ದಿನ ಇರ್ತಿದ್ರೇನೋ ಮಾವ’ ಎಂದಳು. ‘ಎಷ್ಟು ಅಂತ ಗೊತ್ತಿಲ್ಲ. ಸ್ವಲ್ಪ.’

ಮಾವ ತಲೆಯಾಡಿಸಿದರು, ಬಹಳ ಹೊತ್ತಿನಿಂದ ಕಾಯುತ್ತಿದ್ದ ಬಸ್ಸು ಕೊನೆಗೂ ಕಂಡವರ ಹಾಗೆ. ಅವಳು ಗೋಡೆಗೆ ಒರಗಿದಳು.

‘ನೀವು ಕೊಟ್ಟ ದಿನ ನಂಗೆ ಗೊತ್ತಾಗ್ತಿತ್ತು. ರಕ್ತದಲ್ಲಿ ಕಾಣ್ತಿತ್ತು. ನಾನು ಯಾರಿಗೂ ಹೇಳ್ಲಿಲ್ಲ. ನಿಮ್ಮನ್ನೂ ತಡೀಲಿಲ್ಲ.’

‘ಯಾಕೆ?’

‘ಆ ದಿನ ಅತ್ತೆ ನನ್ನ ಜೊತೆ ಮಾತಾಡೋರು. ಬೇರೆ ದಿನ ಗೋಡೆ ಕಡೆ ತಿರುಗಿ ಮಲಗ್ತಿದ್ರು. ನಂಗೂ ಆ ದಿನ ಬೇಕಿತ್ತು ಮಾವ.’

ಇದನ್ನು ಅವಳು ಗಂಡನಿಗೂ ಹೇಳಿರಲಿಲ್ಲ, ತನಗೂ ಇಷ್ಟು ನೇರವಾಗಿ ಹೇಳಿಕೊಂಡಿರಲಿಲ್ಲ. ಕಿಟಕಿಯ ಪರದೆ ಗಾಳಿಗೆ ಒಮ್ಮೆ ಉಬ್ಬಿ ಇಳಿಯಿತು. ಮಾವ ಬೈಯಬಹುದು ಎಂದು ಕಾದಳು. ಬೈದಿದ್ದರೆ ಚೆನ್ನಾಗಿತ್ತು.

‘ಏನು ಮಾತಾಡೋಳು?’ ಎಂದು ಕೇಳಿದರು ಮಾವ.

‘ನಿಮ್ಮ ವಿಷಯಾನೇ.’

‘ನನ್ನ ವಿಷಯ ಏನಿತ್ತು ಮಾತಾಡೋಕೆ?’

‘ಮದುವೆಯಾದ ಹೊಸದರಲ್ಲಿ ಸುಮ್ಮನೆ ನಿಮ್ಮ ಬಸ್ ಹತ್ತಿ ಕೊನೇವರೆಗೂ ಕೂತು ವಾಪಸ್ ಬರ್ತಿದ್ರಂತೆ. ನಿಮ್ಮ ಹಿಂದಿನ ಸೀಟಲ್ಲಿ.’

‘ಸುಳ್ಳು. ಅವಳಿಗೆ ಬಸ್ ಹತ್ತಿದ್ರೆ ವಾಂತಿ.’

‘ಅದನ್ನೂ ಹೇಳಿದ್ರು. ಹೊಟ್ಟೆ ತೊಳೆಸಿದ್ರೂ ಬಾಯಿ ಬಿಗಿಹಿಡ್ಕೊಂಡು ಕೂತಿರ್ತಿದ್ರಂತೆ. ನೀವು ಮೇಲಿನ ಕನ್ನಡೀಲಿ ಆಗಾಗ ನೋಡ್ತಿದ್ರಲ್ಲ, ಮುಖ ಚೆನ್ನಾಗಿ ಕಾಣ್ಲಿ ಅಂತ.’

ಮಾವನ ಗಂಟಲಿನಿಂದ ಒಂದು ಸದ್ದು ಬಂತು, ನಗುವೋ ಕೆಮ್ಮೋ ತಿಳಿಯಲಿಲ್ಲ. ‘ನಾನು ಅವಳು ಸಿಟ್ಟಲ್ಲಿದಾಳೆ ಅಂದ್ಕೊಂಡು ಇನ್ನೂ ಜೋರಾಗಿ ಓಡಿಸ್ತಿದ್ದೆ’ ಎಂದರು. ಆಮೇಲೆ ಬಗ್ಗಿ, ಬಲಗಾಲಿನ ಲೇಸಿನ ಗಂಟಿಗೆ ಕೈ ಹಾಕಿದರು. ಗಂಟು ಗಟ್ಟಿಯಾಗಿತ್ತು. ಅವಳು ಮುಂದೆ ಬಂದಾಗ, ‘ಬೇಡ, ನಂಗೆ ಬರುತ್ತೆ’ ಎಂದರು.

ಕೆಳಗೆ ಕಾರಿನ ಹಾರ್ನು ಕೂಗಿತು.

‘ಇನ್ನೇನು ಹೇಳಿದ್ಲು?’

‘ತುಂಬ ಇದೆ ಮಾವ. ಕೆಳಗೆ ಕಾಯ್ತಿದಾರೆ.’

‘ಕಾಯ್ಲಿ’ ಎಂದರು ಮಾವ. ‘ನೀನು ಕೂತ್ಕೋ.’

ಅವಳು ಮಂಚದ ಇನ್ನೊಂದು ತುದಿಯಲ್ಲಿ ಕೂತಳು. ಹಾರ್ನು ಮತ್ತೆ ಕೂಗಿತು, ಈ ಸಲ ಉದ್ದಕ್ಕೆ, ಸಿಟ್ಟಿನಲ್ಲಿ. ಅವಳು ಅದು ನಿಲ್ಲುವವರೆಗೆ ಕಾದಳು.

‘ಬೀದೀಲಿ ಎಷ್ಟು ಬಸ್ ಹೋದ್ರೂ ನಿಮ್ಮ ಹಾರ್ನು ಯಾವುದು ಅಂತ ಅತ್ತೆಗೆ ಒಳಗೆ ಕೂತೇ ಗೊತ್ತಾಗ್ತಿತ್ತಂತೆ’ ಎಂದಳು.

ಮಾವ ಕಳಚಿದ ಶೂವನ್ನು ಕೈಯಲ್ಲಿ ಹಿಡಿದುಕೊಂಡೇ ಅವಳ ಕಡೆ ತಿರುಗಿದರು.

‘ಹೌದಾ? ಹೇಗೆ ಗೊತ್ತಾಗ್ತಿತ್ತಂತೆ?’